ಮರಿಯ ದಾಖಲೆಯ ಪಕ್ಕದಲ್ಲಿ ತಾಯಿಯ ಗತಿಯನ್ನೂ ಬರೆಯಿರಿ: ಥರೋಬ್ರೆಡ್ ತಾಯಿ ಕುದುರೆಗಳ ಪರವಾಗಿ ಒಂದು ಬಹಿರಂಗ ಪತ್ರ

ಪುಣೆಯ ಭಾರತೀಯ ಸ್ಟಡ್ ಬುಕ್ ಪ್ರಾಧಿಕಾರದ ಪದಾಧಿಕಾರಿಗಳಿಗೆ, ಬೆಂಗಳೂರು ಮತ್ತು ಮೈಸೂರಿನ ರೇಸ್ ಸಂಸ್ಥೆಗಳ ಸ್ಟುವರ್ಡ್‌ಗಳಿಗೆ, ಹಾಗೂ ಕರ್ನಾಟಕ ಸರ್ಕಾರದ ಪಶುಸಂಗೋಪನೆ ಮತ್ತು ಪಶುವೈದ್ಯ ಸೇವಾ ಇಲಾಖೆಯ ಆಯುಕ್ತರಿಗೆ

ಮಾನ್ಯರೇ,

ಪ್ರತಿ ವರ್ಷ ಜನವರಿಯಿಂದ ಬೇಸಿಗೆಯವರೆಗೆ ನಮ್ಮ ದೇಶದ ಸ್ಟಡ್ ಫಾರ್ಮ್‌ಗಳಲ್ಲಿ, ಅಂದರೆ ಕುದುರೆ ತಳಿ ಬೆಳೆಸುವ ಫಾರ್ಮ್‌ಗಳಲ್ಲಿ, ಥರೋಬ್ರೆಡ್ ಎಂಬ ಓಟದ ತಳಿಯ ತಾಯಿ ಕುದುರೆಗಳು ಮರಿ ಹಾಕುತ್ತವೆ. ಹುಟ್ಟಿದ ಮರಿಯ ಬಣ್ಣ, ಹಣೆಯ ಬೊಟ್ಟು, ಮೈಮೇಲಿನ ಸುಳಿ, ಹುಟ್ಟಿದ ದಿನ, ತಂದೆತಾಯಿಯ ಹೆಸರು ಎಲ್ಲವೂ ಸ್ಟಡ್ ಬುಕ್ ಎಂಬ ವಂಶಾವಳಿಯ ದಾಖಲೆಗೆ ಸೇರುತ್ತವೆ. ಡಿಎನ್ಎ ಪರೀಕ್ಷೆಯಿಂದ ವಂಶ ಖಾತ್ರಿಯಾದ ಮೇಲಷ್ಟೇ ಆ ಮರಿಗೆ ಮುಂದೆ ಓಟದ ಅಂಗಳಕ್ಕೆ ಇಳಿಯುವ ಅರ್ಹತೆ ಬರುತ್ತದೆ. ಆದರೆ ಆ ಮರಿಯನ್ನು ಹೆತ್ತ ತಾಯಿಗೆ ಆ ರಾತ್ರಿ ಏನಾಯಿತು, ಹೆರಿಗೆ ಎಷ್ಟು ಹೊತ್ತು ಹಿಡಿಯಿತು, ಕಸ (ಮಾಸು) ಸಕಾಲಕ್ಕೆ ಬಿತ್ತೇ, ರಕ್ತಸ್ರಾವವಾಯಿತೇ, ತಾಯಿ ಸತ್ತಿದ್ದರೆ ಯಾವ ಕಾರಣಕ್ಕೆ ಸತ್ತಿತು ಎಂಬುದನ್ನು ಸಾರ್ವಜನಿಕರು ಓದಬಹುದಾದ ಯಾವ ದಾಖಲೆಯಲ್ಲೂ ನಾನು ಕಂಡಿಲ್ಲ. ಇದನ್ನು ಬರೆದಿಡುವ ಏರ್ಪಾಡು ಆಗಬೇಕು ಎಂಬುದೇ ಈ ಪತ್ರದ ಬೇಡಿಕೆ.

ನಾನು ತುಮಕೂರು ಸೀಮೆಯಲ್ಲೂ ಅದರಾಚೆಗೂ ಸ್ಟಡ್ ಫಾರ್ಮ್‌ಗಳ ಹೆರಿಗೆ ಲಾಯಗಳಲ್ಲಿ ಕೆಲಸ ಮಾಡಿ ನಿವೃತ್ತನಾದ ಪಶುವೈದ್ಯ. ಈ ಉದ್ಯಮದಿಂದಲೇ ನನ್ನ ಸಂಸಾರ ನಡೆದಿದೆ. ಇದರ ಮಾಲೀಕರಲ್ಲಿ, ವ್ಯವಸ್ಥಾಪಕರಲ್ಲಿ, ರಾತ್ರಿಯಿಡೀ ಲಾಂದ್ರ ಹಿಡಿದು ಕಾಯುವ ಸೈಸ್‌ಗಳಲ್ಲಿ, ಅಂದರೆ ಕುದುರೆ ನೋಡಿಕೊಳ್ಳುವ ಲಾಯದ ಆಳುಗಳಲ್ಲಿ, ಕುದುರೆಯನ್ನು ಮನಸಾರೆ ಪ್ರೀತಿಸುವವರನ್ನು ನೋಡಿದ್ದೇನೆ. ಆದ್ದರಿಂದ ಇದು ಕುದುರೆ ಸಾಕಣೆಯನ್ನೇ ವಿರೋಧಿಸುವವನ ಪತ್ರವಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಈ ಹೊಣೆ ತಮ್ಮದೇ ಎಂದು ನಾನು ಹೇಳುವುದಕ್ಕೆ ಒಂದು ಬಲವಾದ ಕಾರಣವಿದೆ. ದನ, ಎಮ್ಮೆಗಳಲ್ಲಿ ಕೃತಕ ಗರ್ಭಧಾರಣೆ ದಿನನಿತ್ಯದ ಮಾತು. ಬೇರೆ ಅನೇಕ ಕುದುರೆ ತಳಿಗಳಲ್ಲಿ ಬೆಲೆಬಾಳುವ ತಾಯಿಯ ಭ್ರೂಣವನ್ನು ಇನ್ನೊಂದು ಸಾಧಾರಣ ಕುದುರೆಯ ಗರ್ಭಕೋಶಕ್ಕೆ ವರ್ಗಾಯಿಸಿ ಮರಿ ಪಡೆಯುವುದೂ ರೂಢಿಯಲ್ಲಿದೆ. ಥರೋಬ್ರೆಡ್ ತಳಿಯಲ್ಲಿ ಮಾತ್ರ ಇವೆರಡಕ್ಕೂ ಅವಕಾಶವಿಲ್ಲ. ಗಂಡು ಕುದುರೆ ನೇರವಾಗಿ ಕೂಡಬೇಕು, ಗಬ್ಬ ನಿಂತ ಕುದುರೆಯೇ ಆ ಗಬ್ಬವನ್ನು ಹೊತ್ತು ಹೆರಬೇಕು. ಇಲ್ಲದಿದ್ದರೆ ಜಗತ್ತಿನ ಯಾವ ಸ್ಟಡ್ ಬುಕ್ಕೂ ಆ ಮರಿಯನ್ನು ಒಪ್ಪುವುದಿಲ್ಲ. ಈ ನಿಯಮವನ್ನು ಬದಲಿಸಿರೆಂದು ನಾನು ಕೇಳುತ್ತಿಲ್ಲ. ತಳಿಯ ವೈವಿಧ್ಯವನ್ನು ಕಾಯುವುದರಲ್ಲಿ ಅದಕ್ಕೆ ಅದರದೇ ಬೆಲೆಯಿದೆ. ಆದರೆ ಅದರ ಫಲವಾಗಿ, ಓಟದಲ್ಲಿ ಎಷ್ಟೇ ದೊಡ್ಡ ಹೆಸರು ಮಾಡಿದ ಕುದುರೆಯಾದರೂ, ತನ್ನ ವಂಶ ಬೆಳೆಯಬೇಕಾದರೆ ಪ್ರತಿ ಮರಿಗೂ ತಾನೇ ಸುಮಾರು 340 ದಿನ ಗಬ್ಬ ಹೊತ್ತು, ತಾನೇ ಹೆರಿಗೆಯ ಅಪಾಯಕ್ಕೆ ಒಡ್ಡಿಕೊಳ್ಳಬೇಕಾಗಿದೆ. ಅಪಾಯವನ್ನು ತಾಯಿಯ ಮೈಮೇಲೆ ನಿಯಮವೇ ಹೊರಿಸಿದ ಮೇಲೆ, ಆ ಅಪಾಯದ ಲೆಕ್ಕ ಇಡುವ ಕರ್ತವ್ಯವೂ ನಿಯಮ ಮಾಡಿದವರದ್ದೇ ಆಗುತ್ತದೆ.

ಕುದುರೆಯ ಹೆರಿಗೆಯನ್ನು ನೋಡದವರಿಗೆ ಅದರ ವೇಗ ಊಹೆಗೆ ಸಿಗುವುದಿಲ್ಲ. ನೀರು ಒಡೆದ ಮೇಲೆ ಸಾಮಾನ್ಯವಾಗಿ ಇಪ್ಪತ್ತರಿಂದ ಮೂವತ್ತು ನಿಮಿಷಗಳಲ್ಲಿ ಮರಿ ಹೊರಗೆ ಬಂದಿರಬೇಕು. ಹಸುವಿಗೆ ಇರುವಷ್ಟು ಸಾವಕಾಶ ಇಲ್ಲಿ ಇಲ್ಲ. ಕುದುರೆಯ ಹೊಟ್ಟೆಯ ಸ್ನಾಯುಗಳು ಅತ್ಯಂತ ಬಲವಾಗಿ ತಿಣುಕುತ್ತವೆ. ಮಾಸು ಗರ್ಭಕೋಶದಿಂದ ಬೇಗ ಕಳಚತೊಡಗುತ್ತದೆ. ಕಳಚಿದಷ್ಟೂ ಮರಿಗೆ ಉಸಿರು ಕಡಿಮೆಯಾಗುತ್ತದೆ. ಮರಿಯ ಕಾಲು ಮತ್ತು ಕತ್ತು ಉದ್ದವಾಗಿರುವುದರಿಂದ, ಒಂದು ಮುಂಗಾಲು ಮಡಿಚಿದರೂ, ಕತ್ತು ಪಕ್ಕಕ್ಕೆ ತಿರುಗಿದರೂ ಹೆರಿಗೆ ಅಲ್ಲೇ ನಿಂತುಬಿಡುತ್ತದೆ. ಥರೋಬ್ರೆಡ್‌ಗಳಲ್ಲಿ ಹೀಗೆ ಕಷ್ಟದ ಹೆರಿಗೆಯಾಗುವುದು 100ಕ್ಕೆ ಸುಮಾರು 4ರಷ್ಟು ಎಂಬುದು ನಮ್ಮ ಪಠ್ಯಗಳು ಒಪ್ಪಿರುವ ಅಂದಾಜು. ಸಂಖ್ಯೆ ಚಿಕ್ಕದಾಗಿ ಕಾಣುತ್ತದೆ. ಆದರೆ ಆ ನಾಲ್ಕರಲ್ಲಿ ಪ್ರತಿಯೊಂದೂ ನಿಮಿಷಗಳ ಮೇಲೆ ನಿಂತ ತುರ್ತು ಪರಿಸ್ಥಿತಿ, ಮತ್ತು ಅವುಗಳಲ್ಲಿ ಹೆಚ್ಚಿನವು ನಡೆಯುವುದು ರಾತ್ರಿಯಲ್ಲಿ, ಏಕೆಂದರೆ ಕುದುರೆ ಸ್ವಭಾವತಃ ಸದ್ದಡಗಿದ ಮೇಲೆಯೇ ಹೆರುವ ಪ್ರಾಣಿ.

ಮಾಸು ಮೊದಲೇ ಕಳಚಿ, ಬಿಳಿ ಪೊರೆಯ ಬದಲು ಕೆಂಪು ಪೊರೆ ಹೊರಗೆ ಕಾಣಿಸಿಕೊಳ್ಳುವ ಸ್ಥಿತಿಯನ್ನು ಫಾರ್ಮ್‌ಗಳಲ್ಲಿ ರೆಡ್ ಬ್ಯಾಗ್ ಎನ್ನುತ್ತಾರೆ. ಆಗ ವೈದ್ಯರಿಗೆ ಕಾಯುವಂತಿಲ್ಲ. ಅಲ್ಲಿದ್ದವರೇ ತಕ್ಷಣ ಆ ಪೊರೆಯನ್ನು ಕತ್ತರಿಸಿ ಮರಿಯನ್ನು ಹೊರತರಬೇಕು. ಅದೇ ರೀತಿ, ಗಬ್ಬ ನಿಂತ ಮೇಲೆ ಸೋಂಕು ಒಳಸೇರದಂತೆ ಯೋನಿದ್ವಾರದ ಮೇಲ್ಭಾಗಕ್ಕೆ ಹಾಕುವ ಕ್ಯಾಸ್ಲಿಕ್ ಹೊಲಿಗೆಯನ್ನು ದಿನ ತುಂಬುವ ಮೊದಲೇ ಬಿಚ್ಚಿರಬೇಕು. ಬಿಚ್ಚಲು ಮರೆತರೆ ತಾಯಿ ಹೆರುವಾಗ ಮಾಂಸವೇ ಹರಿಯುತ್ತದೆ. ಮರಿಯ ಗೊರಸು ಮೇಲ್ಮುಖವಾಗಿ ನುಗ್ಗಿ ಯೋನಿಯ ಚಾವಣಿಯನ್ನೂ ಗುದದ ಗೋಡೆಯನ್ನೂ ಸೀಳಿ ಎರಡೂ ದಾರಿ ಒಂದಾಗಿಬಿಡುವ ಗಾಯವನ್ನು ನಾನು ಕಂಡಿದ್ದೇನೆ. ಅದಕ್ಕೆ ತಿಂಗಳುಗಟ್ಟಲೆ ಕಾದು ಮಾಡುವ ಶಸ್ತ್ರಚಿಕಿತ್ಸೆ ಬೇಕು, ಮೊದಲ ಬಾರಿ ಹೆರುವ ಎಳೆಯ ಕುದುರೆಗಳಿಗೇ ಅದು ಹೆಚ್ಚಾಗಿ ಆಗುತ್ತದೆ. ಇವೆಲ್ಲವನ್ನೂ ಲಾಯದಲ್ಲಿರುವ ಸೈಸ್‌ಗೆ ಅವನ ಭಾಷೆಯಲ್ಲಿ ಹೇಳಿಕೊಡುವ ಒಂದು ತರಬೇತಿಯನ್ನು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಪ್ರತಿ ಡಿಸೆಂಬರ್‌ನಲ್ಲಿ ನಡೆಸುವುದು ಕಷ್ಟದ ಕೆಲಸವಲ್ಲ. ಕೆಚ್ಚಲ ಹಾಲಿನ ಕ್ಯಾಲ್ಸಿಯಂ ಅಥವಾ ಆಮ್ಲತೆಯನ್ನು ಪರೀಕ್ಷಾ ಕಾಗದದ ಪಟ್ಟಿಯೊಂದರಲ್ಲಿ ನೋಡಿ ಹೆರಿಗೆ ಹತ್ತಿರವಾಯಿತೇ ಎಂದು ತಿಳಿಯುವ ಅಗ್ಗದ ವಿಧಾನವನ್ನೂ ಅಲ್ಲಿಯೇ ಕಲಿಸಬಹುದು.

ಆದರೆ ಎಷ್ಟೇ ಕೌಶಲದ ಸೈಸ್ ಇದ್ದರೂ ಕೈಚೆಲ್ಲಬೇಕಾಗುವ ಒಂದು ಅಪಾಯವಿದೆ. ಗರ್ಭಕೋಶಕ್ಕೆ ರಕ್ತ ಒಯ್ಯುವ ದೊಡ್ಡ ಧಮನಿ ಹೆರಿಗೆಯ ಹೊತ್ತಿಗೋ ಅದರ ಬೆನ್ನಿಗೋ ಒಡೆಯುವುದು. ವಯಸ್ಸಾದಂತೆ, ಮರಿ ಹಾಕಿದ ಸರದಿ ಹೆಚ್ಚಿದಂತೆ ಆ ಧಮನಿಯ ಗೋಡೆ ಸಡಿಲವಾಗುತ್ತದೆ. ಆದ್ದರಿಂದ ಈ ರಕ್ತಸ್ರಾವಕ್ಕೆ ಹೆಚ್ಚಾಗಿ ಬಲಿಯಾಗುವುದು ಹಲವು ಮರಿಗಳನ್ನು ಕೊಟ್ಟ, ತನ್ನ ಮಕ್ಕಳು ಗೆದ್ದು ಹೆಸರು ತಂದ, ಅಂದರೆ ಫಾರ್ಮಿನಲ್ಲಿ ಅತಿ ಹೆಚ್ಚು ಬೆಲೆಯ ಹಿರಿಯ ತಾಯಿಯೇ. ಅರ್ಬನ್ ಸೀ ಎಂಬ ಹೆಣ್ಣು ಕುದುರೆ 1993ರಲ್ಲಿ ಪ್ಯಾರಿಸ್ಸಿನ ಆರ್ಕ್ ಓಟ ಗೆದ್ದದ್ದು. 2001ರಲ್ಲಿ ಇಂಗ್ಲೆಂಡಿನ ಎಪ್ಸಮ್ ಡರ್ಬಿ ಗೆದ್ದ ಗೆಲಿಲಿಯೋನ ತಾಯಿ. 2009ರ ಮಾರ್ಚ್‌ನಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಐರ್ಲೆಂಡಿನಲ್ಲಿ ಒಂದು ಗಂಡು ಮರಿ ಹಾಕಿದ ಬಳಿಕ ಅದು ತೀರಿಕೊಂಡಿತು. ಅದೇ ವರ್ಷ ಅದರ ಇನ್ನೊಬ್ಬ ಮಗ ಸೀ ದ ಸ್ಟಾರ್ಸ್ ಡರ್ಬಿಯನ್ನೂ ಆರ್ಕನ್ನೂ ಗೆದ್ದಿತು. ಅಮೆರಿಕದ ರಾಯಲ್ ಡೆಲ್ಟಾ ಎಳೆಯ ವಯಸ್ಸಿನದು. ಬ್ರೀಡರ್ಸ್ ಕಪ್ಪಿನ ಹೆಣ್ಣು ಕುದುರೆಗಳ ಪ್ರಮುಖ ಓಟವನ್ನು 2011 ಮತ್ತು 2012ರಲ್ಲಿ ಎರಡು ಬಾರಿ ಗೆದ್ದ, 2011ರ ಹರಾಜಿನಲ್ಲಿ 85 ಲಕ್ಷ ಡಾಲರಿಗೆ ಮಾರಾಟವಾದ ಆ ಕುದುರೆ 2017ರಲ್ಲಿ ಐರ್ಲೆಂಡಿನಲ್ಲಿ ಹೆರಿಗೆಯ ತೊಡಕಿನಿಂದ ಸತ್ತಾಗ ಅದಕ್ಕೆ ಒಂಬತ್ತು ವರ್ಷ. ಹಣ, ವೈದ್ಯರು, ಸೌಲಭ್ಯ ಯಾವುದಕ್ಕೂ ಕೊರತೆಯಿಲ್ಲದ ಕಡೆಯಲ್ಲೇ ಹೀಗಾದರೆ ನಮ್ಮ ಕಡೆಯ ಕುದುರೆಗಳ ಪಾಡೇನು ಎಂದು ಕೇಳಿದರೆ, ಉತ್ತರ ಕೊಡಲು ನಮ್ಮ ಬಳಿ ಅಂಕಿಅಂಶವೇ ಇಲ್ಲ.

ನಾನು ಕಂಡ ಒಂದು ರಾತ್ರಿಯನ್ನು ಇಲ್ಲಿ ಹೇಳಬೇಕು. ಫಾರ್ಮಿನ ಹೆಸರು ಬೇಡ. ಅಲ್ಲಿಯವರು ತಮಗೆ ಗೊತ್ತಿದ್ದನ್ನೆಲ್ಲ ಮಾಡಿದರು. ಹದಿನಾರು ದಾಟಿದ ಹಳದಿಗಂದು ಬಣ್ಣದ ತಾಯಿ, ಸಲೀಸಾಗಿ ಮರಿ ಹಾಕಿತ್ತು. ಮರಿ ಎದ್ದು ನಿಲ್ಲುವ ಹೊತ್ತಿಗೆ ತಾಯಿ ಬೆವರತೊಡಗಿತು, ಮೇಲ್ದುಟಿ ಸುರುಟಿತು, ಒಸಡಿನ ಬಣ್ಣ ಇಳಿಯಿತು. ಗರ್ಭಕೋಶವನ್ನು ಎತ್ತಿ ಹಿಡಿದಿರುವ ಅಗಲವಾದ ಪೊರೆಯೊಳಗೆ ರಕ್ತ ತುಂಬುತ್ತಿತ್ತು. ಆ ಪೊರೆ ತಡೆದು ನಿಂತರೆ ಒಳಗಿನ ಒತ್ತಡದಿಂದಲೇ ರಕ್ತ ಹೆಪ್ಪುಗಟ್ಟಿ ಕುದುರೆ ಬದುಕುವುದುಂಟು; ಪೊರೆ ಹರಿದು ರಕ್ತ ಹೊಟ್ಟೆಯೊಳಕ್ಕೆ ಇಳಿದರೆ ಕೆಲವೇ ನಿಮಿಷಗಳು. ದೀಪ ಆರಿಸಿ, ಎಲ್ಲರನ್ನೂ ದೂರ ಕಳಿಸಿ, ನೋವು ಇಳಿಸುವ ಔಷಧ ಕೊಟ್ಟು, ಹೊರಳಾಡಿ ಮರಿಯ ಮೇಲೆ ಬೀಳದಂತೆ ಮರಿಯನ್ನು ಅದರ ಕಣ್ಣೆದುರೇ ಬೇರ್ಪಡಿಸಿ ಹಿಡಿದೆವು. ಮರಿಯನ್ನು ಪೂರ್ತಿ ಕಣ್ಮರೆ ಮಾಡಿದರೆ ತಾಯಿ ಕೆನೆಯುತ್ತ ಸುತ್ತುತ್ತದೆ, ರಕ್ತದೊತ್ತಡ ಏರುತ್ತದೆ. ಅದಕ್ಕೆ ಆಗ ಬೇಕಾಗಿದ್ದದ್ದು ರಕ್ತ. ಕೊಡಬಹುದಾದ ಕುದುರೆ ಯಾವುದು ಎಂದು ಆ ಕ್ಷಣದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬೆಳಗಾಗುವ ಮೊದಲು ಅದು ತೀರಿಕೊಂಡಿತು. ಮರಿಯನ್ನು ಉಳಿಸಿಕೊಂಡೆವು. ಸೈಸ್‌ಗಳು ಸರದಿಯಲ್ಲಿ ಬಾಟಲಿ ಹಾಲು ಕುಡಿಸಿ ಬೆಳೆಸಿದರು, ಅದು ಓಡಿತು, ಅದರ ಹೆಸರು ರೇಸ್ ಪುಸ್ತಕದಲ್ಲಿ ಅಚ್ಚಾಯಿತು. ತಾಯಿ ಏಕೆ ಸತ್ತಿತು ಎಂಬುದು ಅಲ್ಲಿದ್ದ ನಾಲ್ಕಾರು ಜನರ ನೆನಪಿನಲ್ಲಿ ಮಾತ್ರ ಉಳಿಯಿತು.

ರಕ್ತದ ವಿಷಯ ಇಷ್ಟು ಸರಳವಾಗಿ ಪರಿಹಾರವಾಗಬಹುದಾದದ್ದು ಎಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ. ಸುಮಾರು 500 ಕಿಲೋ ತೂಗುವ ಕುದುರೆಯ ಮೈಯಲ್ಲಿ 40 ಲೀಟರಿನಷ್ಟು ರಕ್ತವಿರುತ್ತದೆ. ಅದೇ ತೂಕದ ಆರೋಗ್ಯವಂತ ದಾನಿ ಕುದುರೆಯಿಂದ ಒಮ್ಮೆಗೆ ಸುಮಾರು 8 ಲೀಟರ್ ತೆಗೆದರೂ ಅದಕ್ಕೆ ಅಪಾಯವಿಲ್ಲ. ಕುದುರೆಗಳಲ್ಲೂ ರಕ್ತದ ಗುಂಪುಗಳಿವೆ. ಅವುಗಳಲ್ಲಿ ತೀವ್ರ ಪ್ರತಿಕ್ರಿಯೆಗೆ ಕಾರಣವಾಗುವ ಎಎ ಮತ್ತು ಕ್ಯೂಎ ಎಂಬ ಅಂಶಗಳಿಲ್ಲದ, ಎಂದೂ ಗಬ್ಬ ಧರಿಸದ, ಎಂದೂ ರಕ್ತ ಪಡೆಯದ ಪ್ರಾಣಿಯೇ ಉತ್ತಮ ದಾನಿ. ಅಂದರೆ ಓಟದಿಂದ ನಿವೃತ್ತವಾದ, ಬೀಜ ಒಡೆದ ಗಂಡು ಕುದುರೆ. ಅಂಥ ಕುದುರೆಗಳು ಬೆಂಗಳೂರು, ಮೈಸೂರಿನ ಅಂಗಳಗಳಿಂದ ಪ್ರತಿ ವರ್ಷ ಹೊರಬೀಳುತ್ತಲೇ ಇರುತ್ತವೆ, ಅವುಗಳ ಮುಂದಿನ ಬದುಕು ಏನಾಗಬೇಕು ಎಂಬ ಪ್ರಶ್ನೆಯೂ ತಮ್ಮ ಮುಂದೆಯೇ ಇದೆ. ಅವುಗಳಲ್ಲಿ ಕೆಲವನ್ನು ಆರಿಸಿ, ರಕ್ತ ಪರೀಕ್ಷೆ ಮಾಡಿಸಿ, ಗ್ಲ್ಯಾಂಡರ್ಸ್ ಮತ್ತು ಇಕ್ವೈನ್ ಇನ್ಫೆಕ್ಷಿಯಸ್ ಅನೀಮಿಯಾ ರೋಗಗಳಿಲ್ಲವೆಂದು ಖಾತ್ರಿಪಡಿಸಿಕೊಂಡು, ಹೆರಿಗೆಯ ಹಂಗಾಮಿನಲ್ಲಿ ಪ್ರತಿ ದೊಡ್ಡ ಫಾರ್ಮಿನಲ್ಲೂ ಒಂದೆರಡನ್ನು ಇರಿಸಬಹುದು. ಆ ಕುದುರೆಗೆ ನೆಲೆ ಸಿಗುತ್ತದೆ, ತಾಯಿಗೆ ಜೀವದ ಭರವಸೆ ಸಿಗುತ್ತದೆ. ರೇಸ್ ಸಂಸ್ಥೆಗಳು ಮನಸ್ಸು ಮಾಡಿದರೆ ಒಂದೇ ಹಂಗಾಮಿನಲ್ಲಿ ಆಗುವ ಕೆಲಸವಿದು.

ಮರಿ ಹೊರಬಿದ್ದರೆ ಗಂಡಾಂತರ ಕಳೆಯಿತೆಂದು ತಿಳಿಯುವಂತಿಲ್ಲ. ನಮ್ಮ ಸೈಸ್‌ಗಳಲ್ಲಿ ಬಹುಮಂದಿ ದನ ಸಾಕಿದ ಮನೆಗಳಿಂದ ಬಂದವರು. ಹಸುವಿಗೆ ಕಸ ಬೀಳಲು ಅರ್ಧ ದಿನ ಹಿಡಿದರೂ ಆತಂಕವಿಲ್ಲ ಎಂಬುದು ಅವರ ಅನುಭವದ ತಿಳಿವಳಿಕೆ, ಮತ್ತು ಹಸುವಿನ ಮಟ್ಟಿಗೆ ಅದು ಸರಿ. ಕುದುರೆಗೆ ಮೂರು ಗಂಟೆ ದಾಟಿದರೆ ಅದು ರೋಗವೆಂದೇ ಲೆಕ್ಕ. ಕಸದ ಒಂದು ಸಣ್ಣ ತುಣುಕು ಒಳಗುಳಿದರೂ ಸೋಂಕು ಹುಟ್ಟಿ, ಅದರ ವಿಷ ರಕ್ತಕ್ಕೆ ಸೇರಿ, ಕೊನೆಗೆ ಗೊರಸಿನ ಒಳಪದರ ಉರಿದು ಕಳಚುವ ಲ್ಯಾಮಿನೈಟಿಸ್‌ಗೆ ತಲುಪುತ್ತದೆ. ಗೆದ್ದ ಕಾಲುಗಳಲ್ಲೇ ನಿಲ್ಲಲಾರದೆ ನರಳುವ ಆ ಸ್ಥಿತಿಯಲ್ಲಿ ಎಷ್ಟೋ ಬಾರಿ ದಯಾಮರಣವೊಂದೇ ಉಳಿಯುವ ದಾರಿ. ಬಿದ್ದ ಕಸವನ್ನು ನೆಲದ ಮೇಲೆ ಹರಡಿ, ಗರ್ಭಕೋಶದ ಎರಡು ಕವಲುಗಳಿಗೆ (ಕೊಂಬುಗಳಿಗೆ) ಹೊಂದುವ ಭಾಗಗಳು, ಅಂದರೆ ಗಬ್ಬ ಕೂತ ಕೊಂಬು ಮತ್ತು ಗಬ್ಬವಿಲ್ಲದ ಕೊಂಬಿನ ತುದಿ, ಎರಡೂ ಪೂರ್ತಿಯಾಗಿವೆಯೇ ಎಂದು ನೋಡುವುದು, ಕೈಯಿಂದ ಎಳೆಯದೆ, ಗರ್ಭಕೋಶ ಕುಗ್ಗಿಸುವ ಆಕ್ಸಿಟೋಸಿನ್ ಚುಚ್ಚುಮದ್ದಿಗೆ ವೈದ್ಯರನ್ನು ಕರೆಯುವುದು, ಇವು ಪ್ರತಿ ಲಾಯದ ಗೋಡೆಯ ಮೇಲೆ ಕನ್ನಡದಲ್ಲಿ ಬರೆದಿರಬೇಕಾದ ಸೂಚನೆಗಳು.

ಇನ್ನು ಕರುಳಿನ ಮಾತು. ಮರಿ ಹೊರಬಂದ ಮೇಲೆ ಹೊಟ್ಟೆಯಲ್ಲಿ ಒಮ್ಮೆಲೇ ದೊಡ್ಡ ಜಾಗ ಖಾಲಿಯಾಗುತ್ತದೆ. ಮುಂದಿನ ಮೂರು ತಿಂಗಳಲ್ಲಿ ದೊಡ್ಡ ಕರುಳು ತಿರುಚಿಕೊಳ್ಳುವ ಸಂಭವ ತಾಯಿ ಕುದುರೆಗಳಲ್ಲಿ ಎದ್ದು ಕಾಣುವಷ್ಟು ಹೆಚ್ಚು. ಹೆರಿಗೆಯ ತಿಣುಕುವಿಕೆಯಲ್ಲಿ ಸಣ್ಣ ಕೋಲನ್ ಎಂಬ ಕರುಳಿನ ಕೊನೆಯ ಭಾಗ ಜಜ್ಜಿಹೋಗುವುದೂ ಉಂಟು, ಅದು ತಕ್ಷಣ ತಿಳಿಯುವುದಿಲ್ಲ. ಅಮೆರಿಕದ 2009ರ ಪ್ರೀಕ್ನೆಸ್ ಓಟದಲ್ಲಿ ಗಂಡು ಕುದುರೆಗಳನ್ನು ಸೋಲಿಸಿದ ರೇಚಲ್ ಅಲೆಕ್ಸಾಂಡ್ರಾ 2013ರ ಫೆಬ್ರವರಿಯಲ್ಲಿ ತನ್ನ ಎರಡನೆಯ ಮರಿಯನ್ನು ಹಾಕಿದ ಬೆನ್ನಿಗೆ ಹೀಗೇ ಕರುಳಿನ ಹಾನಿ ಮತ್ತು ಹೊಟ್ಟೆಯೊಳಗಿನ ಸೋಂಕಿಗೆ ಸಿಲುಕಿತು. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಅದರ ಫಾರ್ಮಿಗೆ ಹತ್ತಿರದಲ್ಲೇ ರೂಡ್ ಅಂಡ್ ರಿಡಲ್ ಕುದುರೆ ಆಸ್ಪತ್ರೆ ಇತ್ತು. ತಡಮಾಡದೆ ಶಸ್ತ್ರಚಿಕಿತ್ಸೆಯಾಯಿತು, ವಾರಗಟ್ಟಲೆ ಆರೈಕೆಯಾಯಿತು, ಅದು ಬದುಕಿತು. ಅದರ ಮಾಲೀಕರು ಆಮೇಲೆ ಅದಕ್ಕೆ ಇನ್ನೊಂದು ಗಬ್ಬವನ್ನು ಹೊರಿಸಲಿಲ್ಲ. ಎರಡು ಮರಿಗೇ ಅದರ ತಾಯ್ತನ ಮುಗಿಯಿತು, ಆ ಎರಡನೆಯ ಮರಿ ರೇಚಲ್ಸ್ ವ್ಯಾಲೆಂಟೀನಾ ಮುಂದೆ ದೊಡ್ಡ ಓಟ ಗೆದ್ದಿತು. ಮಾಲೀಕರ ಆ ತೀರ್ಮಾನದ ಬಗ್ಗೆ ನನಗೆ ಬಹಳ ಗೌರವವಿದೆ.

ನಮ್ಮಲ್ಲಿ ಆಸ್ಪತ್ರೆ ಅಷ್ಟು ಹತ್ತಿರವಿಲ್ಲ: ಸ್ಟಡ್ ಫಾರ್ಮ್ ಇರುವ ತುಮಕೂರು ಜಿಲ್ಲೆಯ ಕುಣಿಗಲ್‌ನಿಂದ ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಹೊಟ್ಟೆ ತೆರೆದು ಕರುಳು ನೆಟ್ಟಗೆ ಮಾಡಬಲ್ಲ ಶಸ್ತ್ರವೈದ್ಯರು ನಮ್ಮಲ್ಲಿ ಇದ್ದಾರೆ, ಅವರ ಕೈಗುಣವನ್ನು ನಾನು ಬಲ್ಲೆ. ರೇಸ್ ಸಂಸ್ಥೆಗಳ ಆಸ್ಪತ್ರೆಗಳು ಸಹಜವಾಗಿಯೇ ಓಟದ ಕುದುರೆಗಳ ಕಾಲು, ಕೀಲು, ಉಸಿರಾಟದ ತೊಂದರೆಗಳನ್ನು ಮನಸ್ಸಿನಲ್ಲಿಟ್ಟು ಬೆಳೆದವು. ಹೆರಿಗೆಯ ಹಂಗಾಮಿನಲ್ಲಿ ನಡುರಾತ್ರಿ ಕರೆ ಬಂದರೆ ಅರಿವಳಿಕೆ ಕೊಡುವವರು, ಹಿಂಗಾಲು ಮೇಲೆತ್ತಲು ಹಾಯ್ಸ್ಟ್, ಸಿಸೇರಿಯನ್‌ಗೆ ಸಜ್ಜಾದ ಮೇಜು, ಮರಿಯನ್ನು ನೋಡಿಕೊಳ್ಳುವವರು ಒಟ್ಟಿಗೆ ಸಿಗುವ ಒಂದು ಜಾಗ, ಅದರ ದೂರವಾಣಿ ಸಂಖ್ಯೆ, ಅಲ್ಲಿಗೆ ಹೊರಡಲು ಇಂಧನ ತುಂಬಿ ನಿಂತ ಒಂದು ವಾಹನ ಇರಬೇಕು. ಇಲಾಖೆ, ವಿಶ್ವವಿದ್ಯಾಲಯ, ರೇಸ್ ಸಂಸ್ಥೆ ಈ ಮೂವರೂ ಸೇರಿ ಜನವರಿಯಿಂದ ಮೇವರೆಗಿನ ಐದು ತಿಂಗಳಿಗಷ್ಟೇ ಇದನ್ನು ಹೆಬ್ಬಾಳದಲ್ಲಿ ನಡೆಸಬಹುದು.

ಅಪಾಯ ಹೆಚ್ಚುವುದಕ್ಕೆ ಹಂಗಾಮಿನ ಒತ್ತಡವೂ ಒಂದು ಕಾರಣ ಎಂಬುದನ್ನು ಮುಚ್ಚಿಡುವಂತಿಲ್ಲ. ಯಾವ ದಿನ ಹುಟ್ಟಿದರೂ ನಮ್ಮಲ್ಲಿ ಥರೋಬ್ರೆಡ್ ಮರಿಗೆ ಮುಂದಿನ ಜನವರಿ 1ಕ್ಕೇ ಒಂದು ವರ್ಷ ತುಂಬಿದ ಲೆಕ್ಕ. ಆದ್ದರಿಂದ ಜನವರಿ, ಫೆಬ್ರವರಿಯ ಮರಿ ಹರಾಜಿನಲ್ಲಿ ಮೈತುಂಬಿ ಕಾಣುತ್ತದೆ, ಮೇ ತಿಂಗಳ ಮರಿ ಹಿಂದೆ ಬೀಳುತ್ತದೆ. ಗಬ್ಬ ಹನ್ನೊಂದು ತಿಂಗಳಿನದಾದ್ದರಿಂದ ವರ್ಷಕ್ಕೊಂದು ಮರಿ ಬೇಕೆಂದರೆ ಹೆತ್ತ ತಾಯಿ ಒಂದು ತಿಂಗಳೊಳಗೆ ಮತ್ತೆ ಗಬ್ಬ ನಿಲ್ಲಬೇಕು. ಹೆರಿಗೆಯಾಗಿ ಏಳೆಂಟು ದಿನಕ್ಕೆ ಬರುವ ಮೊದಲ ಬೆದೆಗೇ ಗಂಡು ಕೂಡಿಸುವ ಆತುರ ಹುಟ್ಟುವುದು ಇಲ್ಲಿಂದ. ಗರ್ಭಕೋಶ ಚೊಕ್ಕಟವಾಗಿ ಕುಗ್ಗಿದ, ಗಾಯವಿಲ್ಲದ ಆರೋಗ್ಯವಂತ ಕುದುರೆಗೆ ಅದು ತಪ್ಪಲ್ಲ. ಕಸ ನಿಂತ, ಹೆರಿಗೆ ಕಷ್ಟವಾದ, ಒಳಗೆ ನೀರು ಉಳಿದ ಕುದುರೆಗೆ ಅದು ಅನ್ಯಾಯ. ಗಬ್ಬ ನಿಲ್ಲುವ ಸಾಧ್ಯತೆಯೂ ಕಡಿಮೆ. ಸ್ಕ್ಯಾನ್ ಮಾಡಿದ ವೈದ್ಯರ ಒಪ್ಪಿಗೆ ಪತ್ರವಿಲ್ಲದೆ ಮೊದಲ ಬೆದೆಯ ಕೂಡಿಕೆಯನ್ನು ದಾಖಲೆಗೆ ತೆಗೆದುಕೊಳ್ಳುವುದಿಲ್ಲವೆಂದು ಪ್ರಾಧಿಕಾರ ಹೇಳಿದರೆ ಸಾಕು, ಈ ಆತುರ ತಾನಾಗಿ ಇಳಿಯುತ್ತದೆ. ಹದಿನಾರು ದಾಟಿದ ಕುದುರೆಗಳಿಗೂ ಪ್ರತಿ ವರ್ಷ ಅಂಥದೇ ಪರೀಕ್ಷೆ ಇರಲಿ ಎಂಬುದು ನನ್ನ ಅಭಿಪ್ರಾಯ. ಇದರಲ್ಲಿ ನನ್ನ ಸಹವೃತ್ತಿಯವರಿಗೆ ಭಿನ್ನಾಭಿಪ್ರಾಯವಿರಬಹುದು, ಚರ್ಚೆಯಾಗಲಿ.

ಈಗ ದಾಖಲೆಯ ಮಾತಿಗೆ ಬರುತ್ತೇನೆ. ಸ್ಟಡ್ ಬುಕ್ಕುಗಳ ಹಳೆಯ ಸಂಪ್ರದಾಯದಲ್ಲಿ ತಾಯಿಯ ಹೆಸರಿನ ಕೆಳಗೆ ವರ್ಷವಾರು ಸಾಲುಗಳಿರುತ್ತವೆ: ಇಂಥ ವರ್ಷ ಇಂಥ ಬಣ್ಣದ ಗಂಡು ಮರಿ, ಇಂಥ ವರ್ಷ ಗೊಡ್ಡು, ಇಂಥ ವರ್ಷ ಕಂದು ಹಾಕಿತು, ಇಂಥ ವರ್ಷ ಸತ್ತಿತು. ಆ ಕೊನೆಯ ಸಾಲಿನ ಮುಂದೆ ಕಾರಣ ಬರೆಯುವ ಒಂದು ಅಂಕಣ ಬೇಕು. ವರ್ಷಕ್ಕೊಮ್ಮೆ ಮಾಲೀಕರು ಪ್ರತಿ ತಾಯಿಯ ಬಗ್ಗೆ ಕಳಿಸುವ ವರದಿಯ ಜೊತೆಗೆ ಇನ್ನೊಂದು ಹಾಳೆ ಸೇರಿದರೆ ಸಾಕು. ನೀರು ಒಡೆದ ಹೊತ್ತು, ಮರಿ ಬಿದ್ದ ಹೊತ್ತು, ಕಸ ಬಿದ್ದ ಹೊತ್ತು, ಕೈಹಾಕಿ ಸರಿಪಡಿಸಬೇಕಾಯಿತೇ, ವೈದ್ಯರು ಎಷ್ಟು ಹೊತ್ತಿಗೆ ಬಂದರು, ಹೆರಿಗೆಯಾದ 100 ದಿನಗಳೊಳಗೆ ತಾಯಿಗೆ ಬಂದ ಕಾಯಿಲೆ, ಸತ್ತಿದ್ದರೆ ಮರಣೋತ್ತರ ಪರೀಕ್ಷೆಯಲ್ಲಿ ಕಂಡದ್ದು. ಒಳ್ಳೆಯ ಫಾರ್ಮ್‌ಗಳ ಹೆರಿಗೆ ಪುಸ್ತಕದಲ್ಲಿ ಇದರಲ್ಲಿ ಹೆಚ್ಚಿನದನ್ನು ರಾತ್ರಿ ಕಾವಲಿನವರು ಈಗಾಗಲೇ ಬರೆಯುತ್ತಾರೆ. ಆ ಪುಸ್ತಕ ಫಾರ್ಮಿನ ಕಪಾಟಿನಲ್ಲಿ ಉಳಿಯುತ್ತದೆ. ವಿಮೆ ಇದ್ದ ಕುದುರೆ ಸತ್ತರೆ ಮರಣೋತ್ತರ ಪರೀಕ್ಷೆಯೂ ಆಗುತ್ತದೆ, ಆ ವರದಿ ಕಂಪನಿಯ ಕಡತಕ್ಕೆ ಸೇರುತ್ತದೆ. ಅರಿವು ಇದೆ, ಚದುರಿಹೋಗಿದೆ. ಅದನ್ನು ಒಂದೆಡೆ ಸೇರಿಸಬಲ್ಲ ಅಧಿಕಾರ ಪ್ರಾಧಿಕಾರಕ್ಕೆ ಮಾತ್ರ ಇದೆ, ಏಕೆಂದರೆ ಮರಿಯ ನೋಂದಣಿ ಬೇಕಾದವರೆಲ್ಲ ತಮ್ಮ ಬಳಿಗೇ ಬರಬೇಕು.

ಸರ್ಕಾರಕ್ಕೆ ಇಂಥ ಕೆಲಸ ಹೊಸದಲ್ಲ. ಮನುಷ್ಯರಲ್ಲಿ ಹೆರಿಗೆಯಿಂದ ತೀರಿಕೊಂಡ ಪ್ರತಿ ತಾಯಿಯ ಸಾವನ್ನೂ ಪರಿಶೀಲಿಸಿ, ಯಾವ ಹಂತದಲ್ಲಿ ತಡವಾಯಿತು ಎಂದು ಕಂಡುಕೊಳ್ಳಬೇಕೆಂದು ಕೇಂದ್ರದ 2017ರ ತಾಯಿ ಮರಣ ಪರಿಶೀಲನಾ ಮಾರ್ಗಸೂಚಿ ಹೇಳುತ್ತದೆ. ಮನೆಯಲ್ಲಿ ತೀರ್ಮಾನ ಮಾಡುವಾಗ ತಡವೇ, ದಾರಿಯಲ್ಲಿ ತಡವೇ, ಆಸ್ಪತ್ರೆ ಸೇರಿದ ಮೇಲೆ ತಡವೇ ಎಂಬ ಆ ಮೂರು ಪ್ರಶ್ನೆಗಳು ಯಾರನ್ನೂ ಶಿಕ್ಷಿಸಲಿಕ್ಕಲ್ಲ, ಮುಂದಿನ ತಾಯಿಯನ್ನು ಉಳಿಸಲಿಕ್ಕೆ. ಮನುಷ್ಯರ ಆ ದುಃಖವನ್ನು ಕುದುರೆಯ ಸಾವಿಗೆ ಸಮ ಮಾಡುವ ಉದ್ದೇಶ ನನ್ನದಲ್ಲ. ವಿಧಾನ ಮಾತ್ರ ಹಾಗೆಯೇ ಇಲ್ಲಿಗೂ ಹೊಂದುತ್ತದೆ: ಸೈಸ್ ಯಾವಾಗ ಎಬ್ಬಿಸಿದ, ವೈದ್ಯ ಯಾವಾಗ ತಲುಪಿದ, ಶಸ್ತ್ರಚಿಕಿತ್ಸೆ ಯಾವಾಗ ಸಿಕ್ಕಿತು. ಬ್ರಿಟನ್ನಿನಲ್ಲಿ ರೇಸ್ ಬೆಟ್ಟಿಂಗ್ ಲೆವಿ ಮಂಡಳಿ ತಾಯಿ ಕುದುರೆಗಳ ಸಾಂಕ್ರಾಮಿಕ ರೋಗಗಳ ಬಗ್ಗೆ ನಿಯಮಾವಳಿಯನ್ನು ಕಾಲಕಾಲಕ್ಕೆ ಪರಿಷ್ಕರಿಸಿ ಪ್ರಕಟಿಸುತ್ತದೆ, ಸಾಕಣೆದಾರರು ಅದನ್ನು ಅನುಸರಿಸುತ್ತಾರೆ. ಕಂದು ಹಾಕಿಸುವ ಹರ್ಪಿಸ್ ವೈರಾಣುವಿನ ವಿರುದ್ಧ ಗಬ್ಬದ ಐದು, ಏಳು, ಒಂಬತ್ತನೆಯ ತಿಂಗಳಲ್ಲಿ ಲಸಿಕೆ ಹಾಕುವ ಪದ್ಧತಿಯೂ ಇಂಥ ಬರೆದಿಟ್ಟ ನಿಯಮಗಳಲ್ಲಿದೆ. ನಮ್ಮ ಹಿಸಾರ್‌ನ ರಾಷ್ಟ್ರೀಯ ಕುದುರೆ ಸಂಶೋಧನಾ ಕೇಂದ್ರದ ವಿಜ್ಞಾನಿಗಳ ನೆರವಿನಿಂದ ಹೆರಿಗೆಗೂ ಒಂದು ನಿಯಮಾವಳಿಯನ್ನು ರೂಪಿಸುವುದು ಸಾಧ್ಯ.

ಮಾಲೀಕರ ಕಡೆಯಿಂದ ಬರಬಹುದಾದ ಆಕ್ಷೇಪ ನನಗೆ ಗೊತ್ತು. ತಾಯಿಗೆ ಒಮ್ಮೆ ಕಷ್ಟದ ಹೆರಿಗೆಯಾಯಿತೆಂದು ಬಹಿರಂಗವಾದರೆ ಅದರ ಬೆಲೆ ಬೀಳುತ್ತದೆ, ಫಾರ್ಮಿನ ಹೆಸರು ಕೆಡುತ್ತದೆ ಎಂಬ ಭಯ ಸಹಜ. ಆದ್ದರಿಂದ ಪ್ರಕಟವಾಗುವ ವಾರ್ಷಿಕ ವರದಿಯಲ್ಲಿ ಕುದುರೆಯ ಹೆಸರಾಗಲಿ ಫಾರ್ಮಿನ ಹೆಸರಾಗಲಿ ಇರಬೇಕಾಗಿಲ್ಲ. ಎಷ್ಟು ಹೆರಿಗೆ, ಎಷ್ಟರಲ್ಲಿ ತೊಡಕು, ಯಾವ ವಯಸ್ಸಿನವಕ್ಕೆ, ಎಷ್ಟು ಸಾವು, ಯಾವ ಕಾರಣಕ್ಕೆ, ಎಷ್ಟು ಹೊತ್ತಿನಲ್ಲಿ ನೆರವು ಸಿಕ್ಕಿತು ಎಂಬಷ್ಟೇ ಬರಲಿ. ಒಂದು ವಿಷಯ ಮಾತ್ರ ಗುಟ್ಟಾಗಿ ಉಳಿಯಬಾರದು: ಕುದುರೆ ಮಾರಾಟವಾಗುವಾಗ ಅದರ ಹೆರಿಗೆಯ ಚರಿತ್ರೆ ಕೊಳ್ಳುವವರಿಗೆ ಸಿಗಬೇಕು. ಹಿಂದಿನ ಹೆರಿಗೆಯಲ್ಲಿ ರಕ್ತಸ್ರಾವವಾಗಿ ಬದುಕುಳಿದ ಕುದುರೆಗೆ ಮುಂದಿನ ಹೆರಿಗೆಯಲ್ಲಿ ಅದು ಮರುಕಳಿಸಬಹುದು. ಹೊಸ ಲಾಯದವರಿಗೆ ಅದು ಗೊತ್ತಿಲ್ಲದಿದ್ದರೆ ಎರಡನೆಯ ಬಾರಿ ಅದನ್ನು ಉಳಿಸುವವರು ಯಾರು?

ಕುಣಿಗಲ್ ಹೈದರಾಲಿ, ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರು. ಅಲ್ಲಿಯ ಸ್ಟಡ್ ಫಾರ್ಮಿನ ಜಮೀನು ಸರ್ಕಾರದ್ದು. 1990ರ ದಶಕದಲ್ಲಿ ಅದನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಡಲಾಯಿತು. ಸರ್ಕಾರಿ ನೆಲದಲ್ಲಿ ಕುದುರೆ ಸಾಕಣೆ ನಡೆಯುವ ಕಡೆಯೆಲ್ಲ ಹೆರಿಗೆಯ ದಾಖಲೆಯನ್ನು ಗುತ್ತಿಗೆಯ ಷರತ್ತಾಗಿಯೇ ಸೇರಿಸುವ ಅಧಿಕಾರ ಆಯುಕ್ತರಿಗೂ ಇಲಾಖೆಗೂ ಇದೆ. ದೇಶಕ್ಕೆಲ್ಲ ಒಂದು ನಿಯಮ ಬರುವವರೆಗೆ ಕರ್ನಾಟಕ ಕಾಯಬೇಕಾಗಿಲ್ಲ.

ಮುಂದಿನ ಹಂಗಾಮಿನಲ್ಲಿ ಹೆರಬೇಕಾದ ಕುದುರೆಗಳು ಈಗಾಗಲೇ ಗಬ್ಬವಾಗಿವೆ. ಪ್ರಾಧಿಕಾರವು ಡಿಸೆಂಬರ್ ಮುಗಿಯುವುದರೊಳಗೆ ಆ ಹೆಚ್ಚುವರಿ ಹಾಳೆಯ ಕರಡನ್ನು ಸಾಕಣೆದಾರರಿಗೂ ಪಶುವೈದ್ಯರಿಗೂ ಕಳಿಸಿ ಅಭಿಪ್ರಾಯ ಕೇಳಬೇಕೆಂದೂ, ರೇಸ್ ಸಂಸ್ಥೆಗಳು ದಾನಿ ಕುದುರೆಗಳ ಮೊದಲ ತಂಡದ ರಕ್ತ ಪರೀಕ್ಷೆಯನ್ನು ಅಷ್ಟರೊಳಗೆ ಮಾಡಿಸಬೇಕೆಂದೂ, ಇಲಾಖೆಯು ತುರ್ತು ಹೆರಿಗೆ ಶಸ್ತ್ರಚಿಕಿತ್ಸೆಯ ಸಂಪರ್ಕ ಸಂಖ್ಯೆಯನ್ನು ಎಲ್ಲ ಫಾರ್ಮ್‌ಗಳಿಗೆ ತಿಳಿಸಬೇಕೆಂದೂ ವಿನಂತಿಸುತ್ತೇನೆ. ಕರಡು ಸಿದ್ಧಪಡಿಸುವ ಕೆಲಸದಲ್ಲಿ ನನ್ನಂಥ ನಿವೃತ್ತರ ನೆರವು ಬೇಕಾದರೆ, ಸಂಭಾವನೆಯಿಲ್ಲದೆ ಬರಲು ನಾನೂ ನನ್ನ ಕೆಲವು ಹಿರಿಯ ಸಹೋದ್ಯೋಗಿಗಳೂ ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪಶುವೈದ್ಯ, ತುಮಕೂರು ಜಿಲ್ಲೆ